ಕ್ಯಾಸನೂರಿನ ಕಾಡಂಚು

ಸೊರಬ ತಾಲ್ಲೂಕಿನ ಒಂದು ಕಾಡಿನ ಹೆಸರು ಜಗತ್ತಿನ ವೈದ್ಯಕೀಯ ಪಠ್ಯಗಳಲ್ಲೆಲ್ಲ ಇದೆ, ಆದರೆ ಕಾಯಿಲೆಯ ಹೆಸರಾಗಿ. 1957ರ ಬೇಸಿಗೆಯಲ್ಲಿ ಕ್ಯಾಸನೂರು ಕಾಡಿನಲ್ಲಿ ಮುಸಿಯಗಳೂ ಮಂಗಗಳೂ ಸಾಲಾಗಿ ಸತ್ತವು. ಸುತ್ತಲ ಹಳ್ಳಿಗಳಲ್ಲಿ ಜನ ಜ್ವರ ಹಿಡಿದು ಮಲಗಿದರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದಿಂದ ಟೆಲ್ಫೋರ್ಡ್ ವರ್ಕ್ ಅವರ ತಂಡ ಧಾವಿಸಿತು. ಏಷ್ಯಾ ಕಾಣದ ಹಳದಿ ಜ್ವರ ಇಲ್ಲಿಗೂ ಬಂತೇ ಎಂಬುದು ಮೊದಲ ದಿಗಿಲು. ಸಿಕ್ಕಿದ್ದು ರಷ್ಯಾದ ಕಾಡುಗಳಲ್ಲಿ ಉಣುಗಿನಿಂದ ಹರಡುವ ಮಿದುಳುಜ್ವರದ ವೈರಾಣುವಿನ ದಾಯಾದಿ.

ಸೈಬೀರಿಯಾದಿಂದ ಹಾರಿಬರುವ ಹಕ್ಕಿಗಳು ಇದನ್ನು ತಂದವೇ? ಈ ಗುಮಾನಿಯೇ ಸಲೀಂ ಅಲಿಯವರ ಮುಂದಾಳತ್ವದಲ್ಲಿ ವಲಸೆ ಹಕ್ಕಿಗಳ ಕಾಲಿಗೆ ಉಂಗುರ ತೊಡಿಸುವ ದೊಡ್ಡ ಕೆಲಸಕ್ಕೆ ಒಂದು ನೆಪವಾಯಿತು. ಹಕ್ಕಿಗಳ ಬಗ್ಗೆ ನಮ್ಮ ತಿಳಿವಳಿಕೆ ಬೆಳೆಯಿತು, ಕಾಯಿಲೆಯ ಮೂಲ ಮಾತ್ರ ಅಲ್ಲಿ ಸಿಗಲಿಲ್ಲ. 2011ರಲ್ಲಿ ಪ್ರಕಟವಾದ ಜೀನೋಮ್ ಅಧ್ಯಯನವೊಂದು ಇದರ ಹತ್ತಿರದ ಬಂಧುವನ್ನು ಸೌದಿ ಅರೇಬಿಯಾದ ಅಲ್‌ಖುರ್ಮಾ ವೈರಾಣುವಿನಲ್ಲಿ ಗುರುತಿಸಿ, ಇವೆರಡೂ ಬೇರೆಯಾಗಿ ಸುಮಾರು 700 ವರ್ಷಗಳಾಗಿರಬಹುದು ಎಂದು ಲೆಕ್ಕ ಹಾಕಿತು. ಅಂದರೆ ಈ ವೈರಾಣು 1957ರಲ್ಲಿ ಹುಟ್ಟಿದ್ದಲ್ಲ. ಹಾಗಿದ್ದರೆ ಆ ಹೊತ್ತಿಗೆ ಬದಲಾಗಿದ್ದೇನು?

ಕಾಡು ಬದಲಾಗಿತ್ತು ಎಂದವರು ಕೊಲಂಬಿಯಾದ ವಿಜ್ಞಾನಿ ಹೋರ್ಹೆ ಬೋಶೆಲ್. 1969ರ ಅವರ ಪ್ರಬಂಧ ಮಲೆನಾಡಿನವರು ಇವತ್ತಿಗೂ ಓದಬೇಕಾದದ್ದು. ಜನ ಹೆಚ್ಚಿದರು, ಕಾಡು ಕಡಿದು ಗದ್ದೆಯಾಯಿತು, ದನಗಳು ಕಾಡೊಳಗೆ ಮೇಯತೊಡಗಿದವು, ಬಯಲಾದ ಜಾಗದಲ್ಲಿ ಲಂಟಾನ ಪೊದೆಗಟ್ಟಿತು. ಉಣುಗಿಗೆ ಇದಕ್ಕಿಂತ ಅನುಕೂಲ ಬೇರಿಲ್ಲ. ಈ ಕಾಯಿಲೆಯ ಮುಖ್ಯ ವಾಹಕವಾದ ಹೀಮಾಫೈಸಾಲಿಸ್ ಸ್ಪಿನಿಜೆರಾ ಉಣುಗಿನ ಬಾಳು ಮೂರು ಊಟಗಳದ್ದು. ತರಗೆಲೆಯಡಿ ಮೊಟ್ಟೆಯೊಡೆದ ಮರಿ ಇಲಿ, ಹಕ್ಕಿ, ಮಂಗಗಳ ರಕ್ತ ಹೀರುತ್ತದೆ. ಮುಂದಿನ ಹಂತದ ಎಳೆಯ ಉಣುಗೂ ಅಂಥವೇ ಪ್ರಾಣಿಗಳನ್ನು ಹುಡುಕುತ್ತದೆ. ಮನುಷ್ಯರನ್ನು ಕಚ್ಚಿ ಕಾಯಿಲೆ ಅಂಟಿಸುವುದು ಹೆಚ್ಚಾಗಿ ಇದೇ. ಬಲಿತ ಉಣುಗಿಗೆ ಮಾತ್ರ ದನದಂಥ ದೊಡ್ಡ ಮೈ ಬೇಕು. ದನದ ರಕ್ತದಲ್ಲಿ ವೈರಾಣು ಹೆಚ್ಚು ಬೆಳೆಯುವುದಿಲ್ಲ. ಆದರೆ ದನದ ಮೇಲೆ ಕೊಬ್ಬಿದ ಹೆಣ್ಣು ಉಣುಗು ಉದುರಿ ಸಾವಿರಗಟ್ಟಲೆ ಮೊಟ್ಟೆ ಇಡುತ್ತದೆ. ಮಳೆಗಾಲ ಮುಗಿದು ಎಳೆಯ ಉಣುಗು ಏಳುವ ಚಳಿಗಾಲ, ಬೇಸಿಗೆಯೇ ನಮ್ಮವರು ಕೊಟ್ಟಿಗೆಗೆ ದರಕು (ತರಗೆಲೆ) ಗುಡಿಸುವ, ಸೌದೆ ತರುವ, ಸೊಪ್ಪಿನ ಬೆಟ್ಟ ಹತ್ತುವ ಕಾಲ. ಯಾರ ತಪ್ಪೂ ಅಲ್ಲದ ಈ ಹೊಂದಿಕೆಯಲ್ಲೇ ಕಾಯಿಲೆ ಬದುಕಿದೆ.

ಸೊರಬದ ಕಾಡನ್ನು ಅರಿಯಲು ಕಾನುಗಳನ್ನು ಅರಿಯಬೇಕು. ಎಲೆ ಉದುರುವ ಕಾಡಿನ ನಡುನಡುವೆ ಸದಾ ಹಸಿರಾಗಿ ನಿಂತ ದ್ವೀಪಗಳವು. ಕಾಳುಮೆಣಸು, ಬೈನೆ, ನೀರಿನ ಒರತೆ, ದೇವರು, ಎಲ್ಲಕ್ಕೂ ಊರಿನವರು ಕಾದುಕೊಂಡು ಬಂದವು. 1868ರಲ್ಲಿ ಬ್ರಿಟಿಷ್ ಆಡಳಿತದ ಅಧಿಕಾರಿಗಳಾದ ಬ್ರಾಂಡಿಸ್ ಮತ್ತು ಗ್ರಾಂಟ್ ಸೊರಬದ ಕಾನುಗಳ ಮೇಲೆ ವರದಿಯನ್ನೇ ಬರೆದರು. ಆಗ ತಾಲ್ಲೂಕಿನಲ್ಲಿ 171 ಕಾನುಗಳಿದ್ದವು. ಆಮೇಲೆ ಅವು ಅಂಚಿನಿಂದ ಸವೆದವು. ಒಂದು ದೊಡ್ಡ ಕಾಡಿಗಿಂತ ಹತ್ತು ಚೂರುಗಳಿಗೆ ಅಂಚು ಜಾಸ್ತಿ. ಮಂಗ, ದನ, ಮನುಷ್ಯ ಮೂವರೂ ಕೂಡುವುದು ಆ ಅಂಚಿನಲ್ಲೇ.

ಮೊದಲ ಒಂದೂವರೆ ದಶಕ ಸಾಗರ, ಸೊರಬ, ಶಿಕಾರಿಪುರದ ಆಸುಪಾಸಿನಲ್ಲೇ ಇದ್ದ ಕಾಯಿಲೆ ಈಗ ವಯನಾಡು, ಗೋವಾಗಳನ್ನೂ ಮುಟ್ಟಿದೆ. ಕಾಯಿಲೆ ಬಿದ್ದವರಲ್ಲಿ ನೂರಕ್ಕೆ ಮೂರರಿಂದ ಐದು ಮಂದಿ ಸಾಯುತ್ತಾರೆ. ಇದಕ್ಕೇ ಎಂದು ಮದ್ದಿಲ್ಲ. ದಶಕಗಳ ಕಾಲ ಕೊಟ್ಟ ಹಳೆಯ ಲಸಿಕೆ ಸಾಕಷ್ಟು ರಕ್ಷಣೆ ಕೊಡದೆ ನಿಂತುಹೋಯಿತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಹೊಸದರ ತಯಾರಿಯಲ್ಲಿದೆ. ಅದು ಬೇಗ ಬರಲಿ.

ಆದರೆ ಲಸಿಕೆಯಷ್ಟೇ ಭರವಸೆ ನನಗೆ 2020ರಲ್ಲಿ ಪ್ರಕಟವಾದ ಇನ್ನೊಂದು ಕೆಲಸದ ಮೇಲಿದೆ. ಭಾರತ ಮತ್ತು ಬ್ರಿಟನ್ನಿನ ಸಂಶೋಧಕರು ಶಿವಮೊಗ್ಗ ಜಿಲ್ಲೆಯ ಪ್ರಕರಣಗಳನ್ನು ಸಸ್ಯಹೊದಿಕೆಯ ನಕ್ಷೆಯ ಮೇಲೆ ಇಟ್ಟು ನೋಡಿದರು. ಹಸಿರು ಕಾಡೂ ತೋಟವೂ ಹೆಣೆದುಕೊಂಡಿರುವ, ನಾಡದನಗಳು ಹೆಚ್ಚಿರುವ ಕಡೆ ಅಪಾಯ ಹೆಚ್ಚು ಎಂದು ತೋರಿತು. ಆರೋಗ್ಯ, ಪಶುವೈದ್ಯ, ಅರಣ್ಯ ಇಲಾಖೆಗಳವರನ್ನು ಮೊದಲಿಂದಲೇ ಜೊತೆಗಿಟ್ಟುಕೊಂಡು ಮಾಡಿದ ನಕ್ಷೆ ಅದು. ಮಂಗ ಸತ್ತ ಮೇಲೆ ಓಡುವ ಬದಲು, ಯಾವ ಊರಿಗೆ ಉಣುಗು ಕಚ್ಚದಂತೆ ಮೈಗೆ ಹಚ್ಚುವ ಡೆಪಾ ಎಣ್ಣೆ ಮೊದಲು ತಲುಪಬೇಕು ಎಂದು ಮುಂಚೆಯೇ ಹೇಳಲು ಇಂಥದ್ದು ಬೇಕು.

ಕೊರತೆಯೊಂದು ಉಳಿದಿದೆ. ಉಣುಗಿನ ಬಗ್ಗೆ ನಮಗಿರುವ ಮಾಹಿತಿಯಲ್ಲಿ ಬಹುಪಾಲು ಐವತ್ತು, ಅರವತ್ತು ವರ್ಷ ಹಿಂದಿನದು. ಆಗ ಅಕೇಶಿಯಾ ನೆಡುತೋಪುಗಳು ಇಷ್ಟಿರಲಿಲ್ಲ, ಅಡಿಕೆ ತೋಟ ಗದ್ದೆ ಬಯಲಿಗೆ ಇಷ್ಟು ಇಳಿದಿರಲಿಲ್ಲ. ಅಕೇಶಿಯಾದ ದಪ್ಪ ಎಲೆಹಾಸಿನಲ್ಲಿ, ಅಡಿಕೆ ಬುಡದ ಮುಚ್ಚಿಗೆಯಲ್ಲಿ, ಉಳಿದ ಕಾನಿನ ನೆರಳಿನಲ್ಲಿ ಉಣುಗು ಎಷ್ಟೆಷ್ಟಿದೆ ಎಂದು ತಿಂಗಳು ತಿಂಗಳೂ ನೆಲದ ಮೇಲೆ ಬಟ್ಟೆ ಎಳೆದು, ಅದಕ್ಕೆ ಹತ್ತಿದ್ದನ್ನು ಎಣಿಸುವ ಕೆಲಸ ಆಗಬೇಕು. ಸಸ್ಯವಿಜ್ಞಾನಿ, ಕೀಟತಜ್ಞ, ವೈದ್ಯ ಒಟ್ಟಿಗೆ ಕೂತು ಮಾಡಬೇಕಾದ ಕೆಲಸ ಇದು. ಯಾವ ಬೆಟ್ಟದ ದರಕು ಯಾವ ತಿಂಗಳು ತರಬಾರದು ಎಂದು ದರಕು ಗುಡಿಸುವ ಹೆಂಗಸಿಗೆ ಖಚಿತವಾಗಿ ಹೇಳಲು ಬೇಕಾದದ್ದು ಆ ಲೆಕ್ಕವೇ.