ಮಿಲ್ಲು ಮುಚ್ಚಿದ ಊರಲ್ಲಿ ಮನೆ ಮಾಡುವವರಿಗೆ

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂತೆಂದರೆ ಹರಪನಹಳ್ಳಿ, ಕೊಟ್ಟೂರು ಕಡೆಯ ಮನೆಗಳಲ್ಲಿ ಒಂದು ಮಾತು ಏಳುತ್ತದೆ: ಮಕ್ಕಳ ಓದಿಗೆ ದಾವಣಗೆರೆಯಲ್ಲಿ ಮನೆ ಮಾಡೋಣವೇ? ಮಾತು ಎದ್ದ ಕೂಡಲೇ ಮನೆಯ ಹಿರಿಯರೊಬ್ಬರು ಅಡ್ಡ ಬಾಯಿ ಹಾಕುತ್ತಾರೆ. ಆ ಧೂಳಿನ ಊರಿಗಾ? ಮಿಲ್ಲೆಲ್ಲ ಮುಚ್ಚಿ ಹೋಗ್ಯಾವೆ, ಓಣಿ ತುಂಬ ಹಂದಿ, ಮಾತೆತ್ತಿದರೆ ಗಲಾಟೆ, ವಾರಕ್ಕೊಮ್ಮೆ ನೀರು, ಅಲ್ಲೇನೈತಿ ಅಂತ?

ಊರಿನ ಈ ಕೆಟ್ಟ ಹೆಸರು ಸುಮ್ಮನೆ ಬಂದದ್ದಲ್ಲ. ಹಾಗಂತ ಇವತ್ತು ಮನೆ ಮಾಡಹೊರಟವರಿಗೆ ಅದರಿಂದ ಹೆಚ್ಚು ಉಪಯೋಗವೂ ಇಲ್ಲ. ಅಲ್ಲಿಗೆ ಹೋದವರು ಪೇಚಿಗೆ ಸಿಕ್ಕಿಕೊಳ್ಳುವುದು ಹಂದಿಯಿಂದಲೂ ಅಲ್ಲ, ಗಲಾಟೆಯಿಂದಲೂ ಅಲ್ಲ. ಒಂದು ನೀರು, ಇನ್ನೊಂದು ಕಾಗದಪತ್ರ.

ಮೊದಲು ಆ ಕೆಟ್ಟ ಹೆಸರಿನ ಕಥೆ. ದಾವಣಗೆರೆ ಹುಟ್ಟಿದ್ದೇ ವಲಸೆ ಬಂದವರಿಂದ. ಹೈದರಾಲಿಯಿಂದ ಜಹಗೀರು ಪಡೆದ ಅಪ್ಪೋಜಿರಾಮನೆಂಬ ಮರಾಠಾ ಸರದಾರ ವ್ಯಾಪಾರಸ್ಥರನ್ನು ಕರೆದು ಕೂರಿಸಿ ಪೇಟೆ ಬೆಳೆಸಿದ. ರೈಲು ಬಂತು, ಅದರ ಹಿಂದೆ ಹತ್ತಿ ವ್ಯಾಪಾರ ಬಂತು. 1930ರ ದಶಕದಲ್ಲಿ ದಾವಣಗೆರೆ ಕಾಟನ್ ಮಿಲ್ ಶುರುವಾದ ಮೇಲೆ ಒಂದರ ಹಿಂದೊಂದು ಮಿಲ್ಲು ಎದ್ದು, ಊರಿಗೆ ಕರ್ನಾಟಕದ ಮ್ಯಾಂಚೆಸ್ಟರ್ ಎಂಬ ಬಿರುದಾಯಿತು. ಸುತ್ತಲಿನ ಎರೆಹೊಲಗಳ ಹತ್ತಿ ಅಲ್ಲಿಗೆ ಹೋಗುತ್ತಿತ್ತು, ಹತ್ತಿಯ ಹಿಂದೆ ಹಳ್ಳಿಯ ಜನವೂ ಹೋಗುತ್ತಿದ್ದರು. ಮೂರು ಪಾಳಿಯ ದುಡಿಮೆ, ಬಲವಾದ ಕಾರ್ಮಿಕ ಸಂಘ. ಕಮ್ಯುನಿಸ್ಟ್ ಪಕ್ಷದ ಪಂಪಾಪತಿ ಅವರನ್ನು ಮತ್ತೆ ಮತ್ತೆ ಶಾಸಕರನ್ನಾಗಿ ಆರಿಸಿ ಕಳಿಸಿದ ಊರು ಅದು.

1980–90ರ ದಶಕಗಳಲ್ಲಿ ಆಟ ಮುಗಿಯಿತು. ಹಳೇ ಯಂತ್ರ, ಅಗ್ಗದ ಪವರ್‌ಲೂಮ್ ಬಟ್ಟೆ, ಸಾಲ, ಮುಷ್ಕರ, ಬೀಗಮುದ್ರೆ, ಮುಂಬೈಯ ಗಿರಣಿಗಳಿಗೆ ಬಂದ ಗತಿಯೇ ಇಲ್ಲಿಗೂ ಬಂತು. ತೋಳಹುಣಸೆಯ ಯಲ್ಲಮ್ಮ ಮಿಲ್ಲನ್ನು ಕೇಂದ್ರ ಸರ್ಕಾರದ ಜವಳಿ ನಿಗಮ ವಹಿಸಿಕೊಂಡರೂ ಉಳಿಸಲಾಗಲಿಲ್ಲ. ಕೆಲಸ ಕಳೆದುಕೊಂಡವರು ಆಟೊ ಹಿಡಿದರು, ತಳ್ಳುಗಾಡಿ ಹಾಕಿದರು. ಅದೇ ಹೊತ್ತಿಗೆ, 1990ರಲ್ಲಿ ನಡೆದ ಕೋಮು ಗಲಭೆ ಊರಿನ ಹೆಸರನ್ನು ರಾಜ್ಯಕ್ಕೆಲ್ಲ ಕೆಡಿಸಿತು. ನಮ್ಮ ಹಿರಿಯರ ನೆನಪಿನಲ್ಲಿರುವ ದಾವಣಗೆರೆ ಆ ಹತ್ತು-ಹದಿನೈದು ವರ್ಷದ್ದು.

ಅದಾದ ಮೇಲೆ ಊರು ಬದುಕುವ ದಾರಿಯನ್ನೇ ಬದಲಿಸಿಕೊಂಡಿತು. 1958ರ ಬಾಪೂಜಿ ವಿದ್ಯಾಸಂಸ್ಥೆ, 1965ರ ಜೆಜೆಎಂ ವೈದ್ಯಕೀಯ ಕಾಲೇಜು, ಅದಕ್ಕೂ ಹಿಂದಿನ ಬಿಡಿಟಿ ಎಂಜಿನಿಯರಿಂಗ್ ಕಾಲೇಜು ಮೊದಲೇ ಇದ್ದವು. ಮಿಲ್ಲಿನ ಜಾಗವನ್ನು ಕಾಲೇಜು-ಆಸ್ಪತ್ರೆಗಳೇ ತುಂಬಿದವು. 1997ರ ಆಗಸ್ಟ್ 15ಕ್ಕೆ ಜಿಲ್ಲೆಯಾಯಿತು, 2007ರಲ್ಲಿ ಮಹಾನಗರ ಪಾಲಿಕೆ, 2009ರಲ್ಲಿ ಅದೇ ತೋಳಹುಣಸೆಯಲ್ಲಿ ವಿಶ್ವವಿದ್ಯಾಲಯ, 2016ರಲ್ಲಿ ಸ್ಮಾರ್ಟ್ ಸಿಟಿಗಳ ಮೊದಲ ಪಟ್ಟಿಯಲ್ಲೇ ಹೆಸರು. ಮಿಲ್ಲಿನ ಗುರುತು ಉಳಿದಿರುವುದು ಬಡಾವಣೆಗಳ ಹೆಸರಲ್ಲಿ. ಡಿಸಿಎಂ ಟೌನ್‌ಶಿಪ್ ಎಂದರೆ ಉಪಮುಖ್ಯಮಂತ್ರಿಯದೇನೋ ಎಂದುಕೊಳ್ಳಬೇಡಿ, ಅದು ದಾವಣಗೆರೆ ಕಾಟನ್ ಮಿಲ್.

ಯಾರಿಗೆ ಹೊಂದುತ್ತದೆ

ವಿಜಯನಗರ ಜಿಲ್ಲೆಯ ನಮ್ಮ ಹರಪನಹಳ್ಳಿ, ಕೊಟ್ಟೂರು, ಹಡಗಲಿ, ಹಗರಿಬೊಮ್ಮನಹಳ್ಳಿ, ಕೂಡ್ಲಿಗಿ, ಈ ಐದೂ ತಾಲ್ಲೂಕಿನವರಿಗೆ ಒಂದೇ ಲೆಕ್ಕವಲ್ಲ. ಹರಪನಹಳ್ಳಿಯಿಂದ ದಾವಣಗೆರೆ ಐವತ್ತು ಕಿಲೋಮೀಟರ್ ಆಸುಪಾಸು. ಜಿಲ್ಲಾ ಕೇಂದ್ರ ಹೊಸಪೇಟೆ ಅದಕ್ಕಿಂತ ದೂರ. ಹರಪನಹಳ್ಳಿ, ಕೊಟ್ಟೂರಿನವರಿಗೆ ಆಸ್ಪತ್ರೆಗೂ ಮದುವೆ ಬಟ್ಟೆಗೂ ದಾವಣಗೆರೆಯೇ ರೂಢಿ. ಅಲ್ಲಿನ ಸರ್ಕಾರಿ ಜಿಲ್ಲಾಸ್ಪತ್ರೆಗಂತೂ ಹರಪನಹಳ್ಳಿ ತಾಲ್ಲೂಕಿನ ಚಿಗಟೇರಿಯ ಹೆಸರೇ ಇದೆ. ಹಡಗಲಿಯವರು ಹರಪನಹಳ್ಳಿ ದಾಟಿಯೇ ಹೋಗಬೇಕು. ಹಗರಿಬೊಮ್ಮನಹಳ್ಳಿಯವರಿಗೆ ಹೊಸಪೇಟೆ ಹತ್ತಿರ, ಕೂಡ್ಲಿಗಿಯವರಿಗೆ ಹೆದ್ದಾರಿ ಹಿಡಿದರೆ ಅತ್ತ ಹೊಸಪೇಟೆ, ಇತ್ತ ಚಿತ್ರದುರ್ಗ. ಈ ಎರಡು ಕಡೆಯವರು ಕಾಲೇಜು ಸೀಟಿಗೋ ದೊಡ್ಡ ಕಾಯಿಲೆಗೋ ಹೊರತು ದಾವಣಗೆರೆಯಲ್ಲಿ ಮನೆ ಮಾಡುವುದು ನನಗೆ ಅಷ್ಟು ಸರಿ ಕಾಣದು.

ಮನೆಯನ್ನೇ ಮಾಡಬೇಕೇ ಎಂಬುದನ್ನೂ ಮೊದಲು ಕೇಳಿಕೊಳ್ಳಿ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳಿಗೆ ಸಾಮಾನ್ಯ ಸಾರಿಗೆ ಬಸ್ಸಿನಲ್ಲಿ ದುಡ್ಡಿಲ್ಲ. ಹರಪನಹಳ್ಳಿಯ ಹುಡುಗಿಯೊಬ್ಬಳು ಡಿಗ್ರಿಗೆ ದಿನಾ ಹೋಗಿ ಬರಬಹುದು. ಹೊಸಪೇಟೆಯಿಂದ ಹಗರಿಬೊಮ್ಮನಹಳ್ಳಿ, ಕೊಟ್ಟೂರು, ಹರಪನಹಳ್ಳಿ ಮೇಲೆ ಹರಿಹರ ಸೇರುವ ರೈಲು ಮಾರ್ಗವೂ ಇದೆ. ಆದರೆ ರೈಲುಗಳು ಬೆರಳೆಣಿಕೆ, ಕಾಲೇಜಿನ ಗಂಟೆಗೆ ಹೊಂದುತ್ತದೆಯೇ ನೋಡಿಕೊಳ್ಳಬೇಕು. ವಿಜ್ಞಾನ ಪಿಯುಸಿ, ಜೊತೆಗೆ ಕೋಚಿಂಗ್ ಎಂದರೆ ಮಾತ್ರ ದಿನದ ಓಡಾಟ ಮಕ್ಕಳನ್ನು ಹಿಂಡಿಬಿಡುತ್ತದೆ. ಆಗ ನಮ್ಮ ಕಡೆ ರೂಢಿಯಲ್ಲಿರುವುದು ಅರ್ಧ ವಲಸೆ: ತಾಯಿ ಮಕ್ಕಳೊಂದಿಗೆ ಅಲ್ಲಿ, ತಂದೆ ಹೊಲ ನೋಡಿಕೊಂಡು ಇಲ್ಲಿ, ಜೋಳ-ಬೇಳೆ ಬಸ್ಸಿನ ಮೇಲೆ.

ಸಂಸಾರ ಸಮೇತ ದುಡಿಯಲು ಹೋಗುವವರು ಒಂದು ತಿಳಿದಿರಲಿ. ಮಿಲ್ಲಿನಂತೆ ಒಂದೇ ಕಡೆ ಸಾವಿರ ಜನಕ್ಕೆ ಪಕ್ಕಾ ನೌಕರಿ ಕೊಡುವ ಜಾಗ ಈಗ ಅಲ್ಲಿಲ್ಲ. ಇರುವುದು ಎಪಿಎಂಸಿಯ ಹಮಾಲಿ, ಅಕ್ಕಿ ಗಿರಣಿ, ಮೆಕ್ಕೆಜೋಳದ ಗೋದಾಮು, ಚೌಕಿಪೇಟೆ-ಮಂಡಿಪೇಟೆಯ ಅಂಗಡಿ, ಖಾನಾವಳಿ, ಆಸ್ಪತ್ರೆಯ ಆಯಾ-ವಾರ್ಡ್‌ಬಾಯ್ ಕೆಲಸ, ಕಟ್ಟಡ ಕೆಲಸ. ಕಾಫಿ ಸೀಮೆಗೋ ಬೆಂಗಳೂರಿಗೋ ಗುಳೆ ಹೋಗುವುದಕ್ಕಿಂತ ಇದು ವಾಸಿ, ಅಮಾವಾಸ್ಯೆ-ಹುಣ್ಣಿಮೆಗೆ ಊರಿಗೆ ಬರಬಹುದು. ಪಗಾರವೇನೂ ಬೆಂಗಳೂರಿನಷ್ಟು ನಿರೀಕ್ಷಿಸಬೇಡಿ.

ಮನೆ ನೋಡುವಾಗ

ಬಾಡಿಗೆ ಎಷ್ಟು ಎಂದು ಕೇಳುವ ಮೊದಲು ನೀರು ಎಷ್ಟು ದಿನಕ್ಕೊಮ್ಮೆ ಎಂದು ಕೇಳಿ. ಅದೂ ಮಾಲೀಕರನ್ನಲ್ಲ, ಪಕ್ಕದ ಮನೆಯ ಹೆಣ್ಣುಮಕ್ಕಳನ್ನು. ದಾವಣಗೆರೆಗೆ ನೀರು ಎರಡು ಕಡೆಯಿಂದ. ಭದ್ರಾ ನಾಲೆಯ ನೀರನ್ನು ಕುಂದವಾಡ ಕೆರೆ, ಟಿವಿ ಸ್ಟೇಷನ್ ಕೆರೆಗಳಲ್ಲಿ ತುಂಬಿಟ್ಟುಕೊಳ್ಳುತ್ತಾರೆ. ಹರಿಹರದ ಹತ್ತಿರ ರಾಜನಹಳ್ಳಿಯಲ್ಲಿ ತುಂಗಭದ್ರೆಯಿಂದ ಎತ್ತುತ್ತಾರೆ. ಬೇಸಿಗೆಯಲ್ಲಿ ನಾಲೆ ನಿಂತು ಹೊಳೆ ಸೊರಗಿತೆಂದರೆ ನಲ್ಲಿಯ ಸರದಿ ಹಿಗ್ಗುತ್ತದೆ. ನಿರಂತರ ನೀರಿನ ಯೋಜನೆಯ ಪೈಪು-ಮೀಟರು ಕಂಡ ಮಾತ್ರಕ್ಕೆ ಹೊತ್ತಿಗೆ ನೀರು ಬರುತ್ತದೆಂದು ನಂಬಿ ಕೂರಬೇಡಿ. ಆದ್ದರಿಂದ ಮನೆಯಲ್ಲಿ ನೆಲತೊಟ್ಟಿ ಇದೆಯೇ, ಎಷ್ಟು ಮನೆಗಳಿಗೆ ಅದೊಂದೇ ತೊಟ್ಟಿ, ಮೋಟಾರು ಹಾಕುವ ಅಧಿಕಾರ ಯಾರದು, ಬೋರು ಇದ್ದರೆ ನೀರು ಸಿಹಿಯೋ ಸವಳೋ ಎಂಬುದನ್ನು ಕೇಳಲೇಬೇಕು. ಬಾಗಿಲ ಮುಂದೆ ಸಾಲಾಗಿ ನೀಲಿ ಡ್ರಮ್ಮು ನಿಂತಿರುವ ಓಣಿ ಕಂಡರೆ ಉತ್ತರ ಕೇಳುವ ಅಗತ್ಯವೇ ಇಲ್ಲ.

ಎರಡನೆಯದು ಹೊಗೆ. ದಾವಣಗೆರೆಯ ಮಂಡಕ್ಕಿ ಹೊರಗಿನವರ ಬಾಯಲ್ಲಿ ನೀರೂರಿಸುತ್ತದೆ. (ಮಂಡಕ್ಕಿ-ಮಿರ್ಚಿಯ ವಿಷಯದಲ್ಲಿ ಕೊಟ್ಟೂರಿನವರು ಯಾರಿಗೂ ಸೋಲೊಪ್ಪುವುದಿಲ್ಲ, ಅದು ಬೇರೆ ಮಾತು.) ಭತ್ತ ನೆನೆಸಿ, ಬೇಯಿಸಿ, ಒಣಗಿಸಿ ಅಕ್ಕಿ ಮಾಡಿ, ಉಪ್ಪುನೀರು ಹಿಡಿಸಿ, ಕಾದ ಮರಳಿನಲ್ಲಿ ಹುರಿದರೆ ಅರಳುತ್ತದೆ. ಇಷ್ಟೆಲ್ಲಕ್ಕೂ ಬೆಂಕಿ ಬೇಕು, ಆ ಮಂಡಕ್ಕಿ ಭಟ್ಟಿಗಳಲ್ಲಿ ಹೊಟ್ಟಿನ ಜೊತೆ ಹಳೇ ಟೈರನ್ನೂ ಉರಿಸುತ್ತಾರೆಂಬ ದೂರು ಬಹಳ ಹಳೆಯದು. ಭಟ್ಟಿಗಳು ಇರುವುದು ಹಳೇ ದಾವಣಗೆರೆಯ ಆಜಾದ್ ನಗರ, ಬಾಷಾ ನಗರದ ಸುತ್ತ. ಮನೆ ನೋಡಲು ಹೋದಾಗ ಬಿಳಿ ಕರ್ಚೀಫಿನಿಂದ ಕಿಟಕಿಯ ಅಂಚು ಒರೆಸಿ ನೋಡಿ. ಕೆಂಪಗೆ ಬಂದರೆ ಧೂಳು, ಒರೆಸಿಕೊಳ್ಳಬಹುದು. ಕಪ್ಪಗೆ, ಅಂಟಂಟಾಗಿ ಬಂದರೆ ಭಟ್ಟಿ ಹೊಗೆ, ಉಬ್ಬಸದ ಮಕ್ಕಳಿದ್ದವರು ಆ ಮನೆ ಬಿಡಿ. ಆದರೆ ಇದೊಂದನ್ನೇ ಹಿಡಿದು ಇಡೀ ಹಳೇ ಊರನ್ನು ದೂರಬಾರದು. ಅಗ್ಗದ ಬಾಡಿಗೆ, ಕಾಲ್ನಡಿಗೆಯಲ್ಲಿ ಪೇಟೆ, ಕಷ್ಟಕ್ಕಾಗುವ ನೆರೆಹೊರೆ ಸಿಗುವುದು ಅಲ್ಲೇ.

ರೈಲು ಹಳಿ ಊರನ್ನು ಸೀಳಿಕೊಂಡು ಹೋಗುತ್ತದೆ. ಅಶೋಕ ಟಾಕೀಸಿನ ರೈಲ್ವೆ ಗೇಟು ದಶಕಗಟ್ಟಲೆ ಜನರ ತಾಳ್ಮೆ ಪರೀಕ್ಷಿಸಿದ ಜಾಗ. ಕೆಳಸೇತುವೆಗಳಲ್ಲಿ ಜೋರು ಮಳೆಗೆ ನೀರು ನಿಲ್ಲುತ್ತದೆ. ಹಾಗಾಗಿ ಮನೆಯೂ ಕಾಲೇಜೂ ಹಳಿಯ ಒಂದೇ ಮಗ್ಗುಲಿಗೆ ಇದ್ದರೆ ಒಳ್ಳೆಯದು. ಪಿ.ಜೆ. ಬಡಾವಣೆ, ಎಂಸಿಸಿ ಬ್ಲಾಕ್, ವಿದ್ಯಾನಗರ ದುಬಾರಿ. ನಿಟುವಳ್ಳಿ, ವಿನೋಬನಗರ, ಕೆಟಿಜೆ ನಗರದಲ್ಲಿ ಮಧ್ಯಮ ಸಂಸಾರಕ್ಕೆ ಎಟಕುವ ಮನೆ ಹುಡುಕಿದರೆ ಸಿಗುತ್ತದೆ.

ಕರಾರು ಹನ್ನೊಂದು ತಿಂಗಳದ್ದೇ ಇರುತ್ತದೆ. ವರ್ಷ ಮೀರಿದರೆ ನೋಂದಣಿ ಮಾಡಿಸಬೇಕಾಗುತ್ತದೆ ಎಂಬುದೇ ಅದಕ್ಕೆ ಕಾರಣ. ಬಾಡಿಗೆಯ ಬದಲು ಒಂದೇ ಗಂಟು ಕೊಟ್ಟು ಲೀಸಿಗೆ ಹಾಕಿಕೊಳ್ಳುವವರು ಆ ಮನೆಯ ಮೇಲೆ ಬ್ಯಾಂಕ್ ಸಾಲವಿದೆಯೇ ಎಂದು ಋಣಭಾರ ಪತ್ರ ತೆಗೆಸಿ ನೋಡಿ, ಕರಾರನ್ನು ನೋಂದಣಿ ಮಾಡಿಸಿ. ಹೊಲ ಮಾರಿದ ದುಡ್ಡಲ್ಲಿ ಮೊದಲ ವರ್ಷವೇ ಸೈಟು ಕೊಳ್ಳುವುದು ಬೇಡ. ಕೊಳ್ಳಲೇಬೇಕೆಂದರೆ ದಾವಣಗೆರೆ–ಹರಿಹರ ನಗರಾಭಿವೃದ್ಧಿ ಪ್ರಾಧಿಕಾರ, ಅಂದರೆ ದೂಡಾ, ಅನುಮೋದಿಸಿದ ಬಡಾವಣೆಯೇ, ಇ-ಖಾತಾ ಇದೆಯೇ ಎಂದು ನೋಡಿ. ರೆವಿನ್ಯೂ ಸೈಟಿನ ಅಗ್ಗದ ದರಕ್ಕೆ ಮರುಳಾಗಬೇಡಿ.

ಇನ್ನೊಂದು ಮಾತು. ಎರಡು ವರ್ಷಕ್ಕೊಮ್ಮೆ ನಗರದೇವತೆ ದುಗ್ಗಮ್ಮನ ಜಾತ್ರೆ. ಆ ವಾರ ಇಡೀ ನೆಂಟರ ಬಳಗ ನಿಮ್ಮ ಎರಡು ಕೋಣೆಯ ಮನೆಗೇ ಬರುತ್ತದೆ, ತೊಟ್ಟಿ ತುಂಬಿಸಿಟ್ಟುಕೊಳ್ಳಿ.

ಕಾಗದಪತ್ರ

ಗಟ್ಟಿ ಪೆಟ್ಟು ಬೀಳುವುದು ಇಲ್ಲಿ. ನಮ್ಮ ಐದು ತಾಲ್ಲೂಕುಗಳು ಕಲ್ಯಾಣ ಕರ್ನಾಟಕದವರಿಗೆ ಓದು-ನೌಕರಿಯಲ್ಲಿ ಮೀಸಲಾತಿ ಕೊಡುವ ಸಂವಿಧಾನದ 371(ಜೆ) ವಿಧಿಯ ವ್ಯಾಪ್ತಿಯಲ್ಲಿವೆ, ದಾವಣಗೆರೆ ಇಲ್ಲ. 1997ರಲ್ಲಿ ದಾವಣಗೆರೆ ಜಿಲ್ಲೆಗೆ ಸೇರಿಸಿದ್ದರಿಂದ ಹರಪನಹಳ್ಳಿ ಮೊದಲು ಈ ಸೌಲಭ್ಯದಿಂದ ಹೊರಗುಳಿದಿತ್ತು. ಹೋರಾಟದ ಬಳಿಕ 2018ರಲ್ಲಿ ಬಳ್ಳಾರಿಗೆ ಮರಳಿ ಸೇರಿ, 2021ರಲ್ಲಿ ವಿಜಯನಗರ ಜಿಲ್ಲೆಗೆ ಬಂತು. ಕಲ್ಯಾಣ ಕರ್ನಾಟಕದ ಒಳಗಿನ ಕಾಲೇಜುಗಳಲ್ಲಿ ಸ್ಥಳೀಯರಿಗೆ ಶೇ. 70ರಷ್ಟು ಸೀಟು, ಹೊರಗಿನ ಕಾಲೇಜುಗಳಲ್ಲಿ ಶೇ. 8. ದಾವಣಗೆರೆಯ ಕಾಲೇಜು ಈ ಶೇ. 8ರ ಲೆಕ್ಕಕ್ಕೆ ಬರುತ್ತದೆ. ಓದಲು ಅಲ್ಲಿಗೆ ಹೋದ ಮಾತ್ರಕ್ಕೆ ಹಕ್ಕು ಹೋಗುವುದಿಲ್ಲ, ಏಕೆಂದರೆ ಅದು ಹುಟ್ಟು ಮತ್ತು ವಾಸದ ಮೇಲೆ ನಿಂತಿದೆ. ಆದರೆ ಅದನ್ನು ಸಾಬೀತು ಮಾಡುವ ಅರ್ಹತಾ ಪ್ರಮಾಣಪತ್ರವನ್ನು ಉಪವಿಭಾಗಾಧಿಕಾರಿ ಕಚೇರಿಯಿಂದ ಊರಲ್ಲಿ ಇರುವಾಗಲೇ ಮಾಡಿಸಿಕೊಳ್ಳಿ. ಹೆರಿಗೆಗೆ ದಾವಣಗೆರೆಯ ಆಸ್ಪತ್ರೆಗೆ ಹೋದ ತಾಯಂದಿರು ನಮ್ಮಲ್ಲಿ ಬಹಳ. ಮಗುವಿನ ಜನನ ಪತ್ರದಲ್ಲಿ ಊರು ದಾವಣಗೆರೆ ಎಂದಿರುತ್ತದೆ. ಅಂಥವರು ತಂದೆ-ತಾಯಿಯ ಶಾಲಾ ದಾಖಲೆ, ವಾಸದ ದಾಖಲೆಗಳನ್ನು ಮುಂದಿಟ್ಟು ಹಕ್ಕು ಕೇಳಬೇಕಾಗುತ್ತದೆ. ಹಳೇ ಟಿಸಿಗಳನ್ನು ಮಾಳಿಗೆಯಲ್ಲಿ ಗೆದ್ದಲಿಗೆ ಬಿಟ್ಟು ಹೋಗಬೇಡಿ.

ಇದಕ್ಕಿಂತ ದೊಡ್ಡ ನಷ್ಟ ಗ್ರಾಮೀಣ ಮೀಸಲಾತಿಯದು, ಹೆಚ್ಚಿನವರಿಗೆ ಇದು ಗೊತ್ತಾಗುವುದು ಸಿಇಟಿ ಅರ್ಜಿ ತುಂಬುವಾಗ. ಒಂದರಿಂದ ಹತ್ತನೇ ತರಗತಿಯವರೆಗೆ ಹತ್ತೂ ವರ್ಷ ಹಳ್ಳಿಯ ಶಾಲೆಯಲ್ಲಿ ಓದಿದವರಿಗೆ ಶೇ. 15, ಹತ್ತೂ ವರ್ಷ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ. 5 ಮೀಸಲಾತಿ ಸಿಇಟಿಯಲ್ಲಿದೆ. ಎಂಟನೇ ಕ್ಲಾಸಿಗೆ ಒಳ್ಳೇ ಇಂಗ್ಲಿಷ್ ಶಾಲೆ ಅಂತ ಮಗನನ್ನು ದಾವಣಗೆರೆಗೆ ಕರೆದೊಯ್ದಿರೋ, ಎರಡೂ ಒಂದೇ ಏಟಿಗೆ ಹೋದವು. ಹಳ್ಳಿಯವರು ಎಸ್ಸೆಸ್ಸೆಲ್ಸಿ ಮುಗಿಯುವವರೆಗೆ ತಡೆಯಿರಿ ಎಂದೇ ನಾನು ಹೇಳುವುದು. ಕೂಡ್ಲಿಗಿ, ಕೊಟ್ಟೂರಿನಂಥ ಪಟ್ಟಣದೊಳಗೇ ಓದಿದವರಿಗೆ ಗ್ರಾಮೀಣದ ಪ್ರಶ್ನೆ ಬರುವುದಿಲ್ಲ.

ಉಳಿದವು ಸಣ್ಣ ಕೆಲಸ. ರೇಷನ್ ಅಕ್ಕಿಯನ್ನು ರಾಜ್ಯದ ಯಾವ ನ್ಯಾಯಬೆಲೆ ಅಂಗಡಿಯಲ್ಲಾದರೂ ಹೆಬ್ಬೆಟ್ಟು ಒತ್ತಿ ಪಡೆಯಬಹುದು, ಕಾರ್ಡು ವರ್ಗಾಯಿಸಲು ಓಡಾಡಬೇಡಿ. ಬಾಡಿಗೆದಾರರಿಗೂ ಗೃಹಜ್ಯೋತಿಯ ಉಚಿತ ವಿದ್ಯುತ್ ಉಂಟು. ಆದರೆ ಹಳೇ ಮನೆಯ ಮೀಟರಿನಿಂದ ನಿಮ್ಮ ಆಧಾರ್ ಬಿಡಿಸಿ ಹೊಸ ಮನೆಯ ಮೀಟರಿಗೆ ಜೋಡಿಸಬೇಕು, ನಿಮಗಿಂತ ಮೊದಲಿದ್ದ ಬಾಡಿಗೆದಾರರೂ ಬಿಡಿಸಿ ಹೋಗಿರಬೇಕು. ಅಡ್ವಾನ್ಸ್ ಕೊಡುವ ಮುನ್ನವೇ ಇದನ್ನು ಮಾಲೀಕರಿಗೆ ಹೇಳಿ ಸರಿಮಾಡಿಸಿ. ಮತದಾರರ ಪಟ್ಟಿಯಲ್ಲಿ ವಿಳಾಸ ಬದಲಿಸಲು ನಮೂನೆ 8. ಅರ್ಧ ವಲಸೆಯವರು ಅದನ್ನೂ ಬದಲಿಸಬೇಡಿ, ಊರಿನ ವಾಸದ ದಾಖಲೆ ಒಂದೊಂದಾಗಿ ಕೈಬಿಡುವುದು ಜಾಣತನವಲ್ಲ.

ಮನೆ ಹುಡುಕಲು ಹೆಚ್ಚಿನವರು ಹೋಗುವುದು ಜೂನ್‌ನಲ್ಲಿ, ಕಾಲೇಜು ಶುರುವಾಗುವ ಹೊತ್ತಿಗೆ. ಆಗ ಮಳೆ ಬಂದು ತೊಟ್ಟಿಗಳೆಲ್ಲ ತುಂಬಿರುತ್ತವೆ, ಎಲ್ಲ ಮನೆಯೂ ಚೆಂದ ಕಾಣುತ್ತದೆ. ನೀವು ಏಪ್ರಿಲ್‌ನಲ್ಲೇ ಹೋಗಿ ನೋಡಿ ಬನ್ನಿ.