ಓರೆ ಹಲ್ಲು ಮತ್ತು ಎಂಟು ವರ್ಷದ ವಿದ್ಯೆ

ಕೇಶ್ವಾಪುರದ ನಮ್ಮ ಓಣಿಯಲ್ಲಿ ರೇಲ್ವೆ ನೌಕರಿಯಿಂದ ನಿವೃತ್ತರಾದ ಗೃಹಸ್ಥರೊಬ್ಬರಿದ್ದಾರೆ. ಅವರ ಮಗಳು ಐದು ವರ್ಷದ ಬಿ.ಡಿ.ಎಸ್. ವ್ಯಾಸಂಗವನ್ನು ಈಗ ತಾನೆ ಮುಗಿಸಿದ್ದಾಳೆ. ಮುಂದೆ ಮೂರು ವರ್ಷ ಎಂ.ಡಿ.ಎಸ್. ಓದಿ ಆರ್ಥೊಡಾಂಟಿಸ್ಟ್, ಎಂದರೆ ಓರೆಯಾಗಿ ಬೆಳೆದ ಹಲ್ಲುಗಳನ್ನು ಸಾಲಿಗೆ ತರುವ ತಜ್ಞೆ, ಆಗಬೇಕೆಂಬುದು ಅವಳ ಹಂಬಲ. ಇದಕ್ಕಾಗಿ ಊರ ಹೊರಗಿನ ಒಂದು ಪ್ಲಾಟನ್ನು ಮಾರಬೇಕಾಗುವದು. ಕಳೆದ ತಿಂಗಳು ತಂದೆಯವರು ಮಗಳನ್ನು ಕರೆದುಕೊಂಡು ನಮ್ಮಲ್ಲಿಗೆ ಬಂದು, “ಹಲ್ಲಿಗೆ ಕ್ಲಿಪ್ಪು ಹಾಕೋದಕ್ಕ ಎಂಟು ವರ್ಷ ಓದಬೇಕೇನ್ರಿ? ಇದು ಶ್ರೀಮಂತರ ಶೃಂಗಾರದ ಕೆಲಸ. ನೀವಽ ಆಕಿಗೆ ತಿಳಿಸಿ ಹೇಳ್ರಿ” ಎಂದರು. ಇಂಥ ಸಂಶಯವು ನಮ್ಮ ಅನೇಕ ವಾಚಕರ ಮನೆಗಳಲ್ಲಿಯೂ ಇರಬಹುದಾದ್ದರಿಂದ ನಮಗೆ ತೋರಿದ್ದನ್ನು ಇಲ್ಲಿ ಬರೆಯುತ್ತೇವೆ.

ನಮ್ಮ ದೇಶದಲ್ಲಿ ದಂತವೈದ್ಯವೇ ತೀರ ಈಚಿನದು. ಡಾಕ್ಟರ್ ರಫೀಉದ್ದೀನ್ ಅಹಮದರು ಕಲಕತ್ತೆಯಲ್ಲಿ ಮೊದಲ ದಂತವೈದ್ಯ ಕಾಲೇಜನ್ನು ತೆರೆದದ್ದು 1920ರಲ್ಲಿ. ಬೆಂಗಳೂರಿಗೆ ಸರಕಾರಿ ಕಾಲೇಜು ಬಂದದ್ದು 1958ರಲ್ಲಿ. ನಮ್ಮ ಹುಬ್ಬಳ್ಳಿ-ಧಾರವಾಡಗಳ ನಡುವಿನ ಸತ್ತೂರಿನಲ್ಲಿ ಎಸ್.ಡಿ.ಎಂ. ದಂತ ಮಹಾವಿದ್ಯಾಲಯವು 1986ರಲ್ಲಿ ಆರಂಭವಾಯಿತು. ಅದಕ್ಕೂ ಮೊದಲು ಹುಟ್ಟಿದ ನಮ್ಮಂಥವರಿಗೆ ಹಲ್ಲಿನ ವೈದ್ಯನೆಂದರೆ ಕೀಳುವವನು, ಅಷ್ಟೇ.

ಆದರೆ ಎಂಟು ವರ್ಷವೇಕೆ? ಹಲ್ಲು ದವಡೆಯ ಎಲುವಿನಲ್ಲಿ ಮೊಳೆಯಂತೆ ಬಡಿದು ನಿಲ್ಲಿಸಿದ್ದಲ್ಲ. ಬೇರಿಗೂ ಎಲುವಿಗೂ ನಡುವೆ ತೆಳುವಾದ ಒಂದು ನಾರಿನ ಪದರವಿದೆ. ತಂತಿಯಿಂದ ಹಗುರಾಗಿ, ಬಿಡದೆ ಒತ್ತುತ್ತಿದ್ದರೆ ಒತ್ತಡ ಬಿದ್ದ ಕಡೆಯ ಎಲುವು ಕರಗುತ್ತದೆ, ಹಿಂದಿನ ಕಡೆಗೆ ಹೊಸ ಎಲುವು ಬೆಳೆಯುತ್ತದೆ. ಹಲ್ಲು ತಿಂಗಳಿಗೆ ಸುಮಾರು 1 ಮಿಲಿಮೀಟರು ಸರಿಯುತ್ತದೆ. ಅವಸರಪಟ್ಟು ಬಲ ಹೆಚ್ಚಿಸಿದರೆ ಬೇರೇ ಸವೆದು ಮೋಟಾದೀತು. ಆದುದರಿಂದಲೇ ಚಿಕಿತ್ಸೆಗೆ ಒಂದೂವರೆ ಎರಡು ವರ್ಷ ಹಿಡಿಯುವದು. ಆ ಮೇಲೆಯೂ ರಿಟೇನರು ಧರಿಸದಿದ್ದರೆ ಹಲ್ಲುಗಳು ಹಳೆಯ ಜಾಗಕ್ಕೆ ಮರಳಹತ್ತುವವು. ತಂತಿ ಕಟ್ಟುವ ಕೈಕೆಲಸ ಬೇಗನೆ ಬಂದೀತು. ಯಾವ ಮಗುವಿಗೆ ಈಗಲೇ ಕಟ್ಟಬೇಕು, ಯಾರ ದವಡೆ ಬೆಳೆಯುವವರೆಗೆ ಕಾಯಬೇಕು, ಎಡೆಗಾಗಿ ಒಂದು ಹಲ್ಲನ್ನು ಕೀಳಬೇಕೋ ಬೇಡವೋ ಎಂಬ ವಿವೇಕಕ್ಕೆ ವರ್ಷಗಳೇ ಬೇಕು. ಅಮೇರಿಕೆಯ ಎಡ್ವರ್ಡ್ ಆಂಗಲ್ ಎಂಬವನು 1900ರಷ್ಟು ಹಿಂದೆಯೇ ಇದಕ್ಕೆಂದು ಪ್ರತ್ಯೇಕ ಶಾಲೆಯನ್ನು ತೆರೆದದ್ದು ಸುಮ್ಮನೆ ಅಲ್ಲ.

ಶೃಂಗಾರದ ಆಕ್ಷೇಪಣೆಯಲ್ಲಿ ಸತ್ಯಾಂಶವಿದೆ; ಮದುವೆಯ ಮುಂಚೆ ಹಲ್ಲು ನೆಟ್ಟಗಾಗಲೆಂದು ಓಡಿ ಬರುವವರಿದ್ದಾರೆ. ಆದರೆ ಸೀಳುತುಟಿ, ಸೀಳು ಅಂಗುಳದೊಡನೆ ಹುಟ್ಟಿದ ಕೂಸುಗಳನ್ನು ನೆನೆಯಿರಿ. (ಗ್ರಹಣದ ದಿನ ಬಸುರಿ ಚಾಕು ಹಿಡಿದದ್ದರಿಂದ ಹೀಗಾಯಿತೆಂದು ತಾಯಿಯನ್ನು ದೂರುವವರು ಇನ್ನೂ ಇದ್ದಾರೆ. ಅದು ಶುದ್ಧ ಸುಳ್ಳು.) ತುಟಿಯನ್ನೂ ಅಂಗುಳವನ್ನೂ ಶಸ್ತ್ರವೈದ್ಯರು ಎಳೆತನದಲ್ಲಿಯೇ ಹೊಲಿಯುತ್ತಾರೆ. ವಸಡಿನ ಸೀಳಿನಲ್ಲಿ ಎಲುವು ತುಂಬುವದು ಮಾತ್ರ ಎಂಟು-ಹತ್ತರ ವಯಸ್ಸಿನಲ್ಲಿ, ಕೋರೆಹಲ್ಲು ಮೂಡುವ ಮೊದಲು. ಅನೇಕ ಮಕ್ಕಳಲ್ಲಿ ಆಗ ಇಕ್ಕಟ್ಟಾದ ಮೇಲ್ದವಡೆಯನ್ನು ಮೆಲ್ಲಮೆಲ್ಲನೆ ಅಗಲಿಸಿಕೊಡುವವರು ಆರ್ಥೊಡಾಂಟಿಸ್ಟರೇ. ಇಂಥ ಮಕ್ಕಳ ಶಸ್ತ್ರಚಿಕಿತ್ಸೆಗೆಂದೇ ಸತ್ತೂರಿನಲ್ಲಿ ಒಂದು ಘಟಕವಿದೆ. ಇದನ್ನು ಯಾರು ಶೃಂಗಾರವೆಂದಾರು?

ಹಣದ ಮಾತು. ಪದವಿ ಬಂದ ಮರುದಿನವೇ ಗಳಿಕೆ ಬಾರದು. ಆದರೂ ಈ ತಜ್ಞರು ವಾರದ ಗೊತ್ತಾದ ದಿನಗಳಲ್ಲಿ ಬೇರೆಯವರ ದವಾಖಾನೆಗಳಿಗೆ ಹೋಗಿ ರೋಗಿಗಳನ್ನು ನೋಡುವ ಪದ್ಧತಿಯಿದೆ. ಮೊದಲಲ್ಲಿಯೇ ಸ್ವಂತ ಕುರ್ಚಿ, ಯಂತ್ರಗಳಿಗಾಗಿ ಸಾಲ ಮಾಡಬೇಕಿಲ್ಲ. ಸರಕಾರಿ ಸೀಟು ಸಿಕ್ಕುವ ಆಸೆಯಿದ್ದರೆ ಇನ್ನೊಮ್ಮೆ ಪರೀಕ್ಷೆಗೆ ಕೂಡ್ರುವದು ಬಡ್ಡಿಯ ಸಾಲಕ್ಕಿಂತ ಲೇಸೆಂದು ನಮ್ಮ ಮತ. ಪ್ಲಾಟನ್ನು ಅವರು ಇಟ್ಟದ್ದು ಮಗಳ ಮದುವೆಗೆ. ಮದುವೆಗೆ ಮಾರಬಹುದಾದದ್ದನ್ನು ವಿದ್ಯೆಗೆ ಮಾರಬಾರದೇಕೆ ಎಂದು ಕೇಳಿದೆವು. ಅವರು ಚಹದ ಬಟ್ಟಲನ್ನು ಕೆಳಗಿಟ್ಟರು; ಉತ್ತರ ಕೊಡಲಿಲ್ಲ.

ಮಗಳ ಸಂಶಯ ಬೇರೆಯದೇ ಆಗಿತ್ತು. “ಕಾಕಾ, ಒಂದಽ ಬಾಯಿ ಎರಡು ವರ್ಷ ನೋಡೋ ತಾಳ್ಮಿ ನನಗದ ಏನ್ರಿ?” ಎಂದು ಕೇಳಿದಳು. ಈ ಪ್ರಶ್ನೆಯೇ ನಮಗೆ ಎಲ್ಲಕ್ಕಿಂತ ಮುಖ್ಯವಾಗಿ ಕಂಡಿತು. ಅನುಭವಿಗಳಾದ ತಜ್ಞರೊಬ್ಬರ ಬಳಿ ಹದಿನೈದು ದಿನ ಸುಮ್ಮನೆ ಕುಳಿತು ನೋಡಿ ಬಾ ಎಂದೆವು. ಹೋದಳು. ಕಬ್ಬು ತಿಂದು ಮೂರನೆಯ ಸಲ ತಂತಿ ಕಿತ್ತುಕೊಂಡು ಬಂದ ಹುಡುಗನೊಬ್ಬನನ್ನು ಆ ವೈದ್ಯರು ಬೈಯದೆ, ಮತ್ತೆ ಮೊದಲಿನಿಂದ ಕಟ್ಟಿ ಕಳಿಸಿದ್ದನ್ನು ನಮಗೆ ಬಂದು ಹೇಳಿದಳು. ಹದಿನೈದು ದಿನ ಮುಗಿದು ವಾರವಾಯಿತು; ಅವಳಿನ್ನೂ ಹೋಗುತ್ತಲೇ ಇದ್ದಾಳೆ. ಪ್ಲಾಟಿನ ಕಾಗದಗಳು ಟ್ರಂಕಿನಿಂದ ಹೊರಗೆ ಬಂದಿವೆಯೆಂದು ಅವಳ ತಾಯಿ ನಮ್ಮ ಮನೆಯವರಿಗೆ ತಿಳಿಸಿದ್ದಾರೆ.