ಆಳು ಮುಳುಗದ ನೀರಿನಲ್ಲಿ ಬಂದ ಸಾಮ್ರಾಜ್ಯ

ಹತ್ತೊಂಬತ್ತನೆಯ ಶತಮಾನದ ಬ್ರಿಟಿಷ್ ಸಾಮ್ರಾಜ್ಯವೆಂದೊಡನೆ ನಮ್ಮ ಕಣ್ಣ ಮುಂದೆ ನಿಲ್ಲುವುದು ಸಾಲುಸಾಲು ತೋಪುಗಳ, ಬಿಳಿಯ ಹಾಯಿಗಳ ಮಹಾನೌಕೆ. ಟ್ರಫಾಲ್ಗರಿನಲ್ಲಿ ನೆಲ್ಸನ್ ಗೆದ್ದದ್ದು ಅಂಥ ನೌಕೆಗಳಿಂದಲೇ. ಆದರೆ 1805ರ ಆ ಯುದ್ಧವು ಮುಗಿದ ತರುವಾಯ ಅವುಗಳಿಗೆ ಸರಿಜೋಡಿಯಾದ ಶತ್ರು ಸಮುದ್ರದಲ್ಲಿ ಎದುರಾದದ್ದೇ ಅಪರೂಪ. ಏಷ್ಯದ ಅರಸರನ್ನು ಮಣಿಸುವ ಕೆಲಸ ಬಹುಮಟ್ಟಿಗೆ ನಡೆದದ್ದು ಬೇರೊಂದು ಜಾತಿಯ ಹಡಗಿನಿಂದ. ಚಪ್ಪಟೆಯಾದ ತಳ, ಹೊಗೆಯುಗುಳುವ ಎತ್ತರದ ಕೊಳವೆ, ಒಂದೆರಡೇ ತೋಪು. ನೋಡಲು ಚೆಲುವೇನೂ ಇಲ್ಲ. ಇಂಥವುಗಳಿಗೆ ಗನ್‌ಬೋಟ್ ಎಂದು ಹೆಸರಾಯಿತು.

ಆನೆ ನಡೆದದ್ದೇ ದಾರಿ ಎಂಬ ಗಾದೆ ಇಲ್ಲಿ ಸಲ್ಲದು. ಮಹಾನೌಕೆ ತೇಲಬೇಕಾದರೆ ಇಪ್ಪತ್ತು ಅಡಿಗಳಷ್ಟು ಆಳ ಬೇಕು. ನದಿಯ ಮುಖದಲ್ಲಿಯೇ ಮರಳದಿಣ್ಣೆಯೊಂದು ಅದನ್ನು ತಡೆದುಬಿಡುತ್ತಿತ್ತು. ಒಳಹೊಕ್ಕರೂ ಗಾಳಿ ಬೀಸದಿದ್ದರೆ, ಪ್ರವಾಹ ಎದುರಾದರೆ, ನಿಂತಲ್ಲಿಯೇ ನಿಲ್ಲಬೇಕು. ಆದುದರಿಂದ ಸಮುದ್ರದಿಂದ ನೂರು ಮೈಲಿ ಒಳಗಿದ್ದ ಪಟ್ಟಣವು ಆ ನೂರು ಮೈಲಿಗಳನ್ನೇ ತನ್ನ ಕೋಟೆಯೆಂದು ನಂಬಿ ನಿದ್ರಿಸಬಹುದಾಗಿತ್ತು. ಈ ನಿದ್ರೆಯನ್ನು ಕೆಡಿಸಿದ್ದು ಉಗಿಯಂತ್ರ.

ಇದರ ಮೊದಲ ಪ್ರಯೋಗ ನಮ್ಮ ನೆರೆಯ ಬರ್ಮಾದಲ್ಲಿ ನಡೆಯಿತು. ಕಲ್ಕತ್ತೆಯ ಕಿದರ್‌ಪುರದಲ್ಲಿ 1823ರಲ್ಲಿ ಕಟ್ಟಿದ ‘ಡಯಾನಾ’ ಎಂಬ ಪುಟ್ಟ ಉಗಿಹಡಗು ಮರುವರ್ಷ ಐರಾವತಿ ನದಿಯ ಯುದ್ಧಕ್ಕೆ ಹೋಯಿತು. ಅದನ್ನು ಯುದ್ಧದಲ್ಲಿ ಬಳಸಬೇಕೆಂದು ಒತ್ತಾಯಪಡಿಸಿದವರಲ್ಲಿ, ಮುಂದೆ ಕಾದಂಬರಿಕಾರನಾಗಿ ಪ್ರಸಿದ್ಧನಾದ ಕ್ಯಾಪ್ಟನ್ ಮ್ಯಾರಿಯಟ್ ಒಬ್ಬ. ಬರ್ಮೀಯರ ಯುದ್ಧದೋಣಿಗಳು ಬಹಳ ವೇಗದವು. ಆದರೆ ಹುಟ್ಟು ಹಾಕುವ ತೋಳು ದಣಿಯುತ್ತದೆ. ಕುದಿಯುವ ಹಂಡೆಗೆ ದಣಿವಿಲ್ಲ. ಡಯಾನಾ ದೋಣಿಗಳನ್ನು ಅವಸರವಿಲ್ಲದೆ ಅಟ್ಟಿಸಿಕೊಂಡು ಹೋಗಿ, ಅಂಬಿಗರು ಸೋತೊಡನೆ ಹಿಡಿಯುತ್ತಿತ್ತು. 1826ರ ಯಾಂಡಬೋ ಒಪ್ಪಂದದಲ್ಲಿ ಬರ್ಮಾದ ದೊರೆ ಒಂದು ಕೋಟಿ ರೂಪಾಯಿ ದಂಡ ತೆರಲು ಒಪ್ಪಿದ.

ಆದರೆ ಈ ಕುಲದ ನಿಜವಾದ ಹಿರಿಯಳೆಂದರೆ ‘ನೆಮೆಸಿಸ್’. ಗ್ರೀಕರ ಪ್ರತೀಕಾರದೇವತೆಯ ಹೆಸರು ಅದು. ಬರ್ಕನ್‌ಹೆಡ್ಡಿನ ಲೇರ್ಡ್ ಕಾರ್ಖಾನೆಯಲ್ಲಿ 1839ರಲ್ಲಿ ನಿರ್ಮಾಣಗೊಂಡ ಈ ಹಡಗು ಪೂರ್ತಿಯಾಗಿ ಕಬ್ಬಿಣದ್ದು; ಉದ್ದ 184 ಅಡಿ, ಅಗಲ 29 ಅಡಿ. ಎರಡು ಪಕ್ಕಗಳಲ್ಲಿಯೂ ನೀರನ್ನು ಬಡಿಯುವ ದೊಡ್ಡ ಚಕ್ರ. ಹಿಂದೆ ಮುಂದೆ ಒಂದೊಂದು ಭಾರಿ ತೋಪು. ತುಂಬಿದ ಹಡಗು ತೇಲಲು ಆರು ಅಡಿ ನೀರು ಸಾಕು. ಭಾರವಿಳಿಸಿದರೆ ಐದೇ ಅಡಿ. ಎಂದರೆ ಆಳು ಮುಳುಗದ ನೀರಿನಲ್ಲಿಯೂ ಅದು ಸಂಚರಿಸಬಲ್ಲದು! ಇದು ರಾಣಿಯ ನೌಕಾಪಡೆಗೆ ಸೇರಿದ್ದಲ್ಲ, ಈಸ್ಟ್ ಇಂಡಿಯಾ ಕಂಪನಿಗೆ ಸೇರಿದ್ದು. ಕ್ಯಾಪ್ಟನ್ ಹಾಲ್ ಎಂಬಾತನು ಇದನ್ನು 1840ರಲ್ಲಿ ಇಂಗ್ಲೆಂಡಿನಿಂದ ಹೊರಡಿಸಿದಾಗ ಹೋಗುವ ಊರನ್ನು ಗುಟ್ಟಾಗಿಟ್ಟಿದ್ದರು. ಆಫ್ರಿಕದ ದಕ್ಷಿಣದಲ್ಲಿ ಬಿರುಗಾಳಿಗೆ ಸಿಕ್ಕಿ ಕಬ್ಬಿಣದ ಒಡಲು ಬಿರುಕು ಬಿಟ್ಟಿತು. ದಡ ಸೇರಿ ತೇಪೆ ಹಾಕಿಸಿಕೊಂಡು, ಆ ವರ್ಷದ ನವೆಂಬರಿನಲ್ಲಿ ಚೀನಾದ ಮಕಾವ್ ತಲುಪಿತು.

ಅಲ್ಲಿ ನಡೆಯುತ್ತಿದ್ದುದು ಅಫೀಮಿನ ಯುದ್ಧ. ಭಾರತದಲ್ಲಿ ಬೆಳೆದ ಅಫೀಮನ್ನು ಕಂಪನಿ ಕಲ್ಕತ್ತೆಯಲ್ಲಿ ಹರಾಜು ಹಾಕುವುದು, ಖಾಸಗಿ ವರ್ತಕರು ಅದನ್ನು ಕಳ್ಳದಾರಿಯಿಂದ ಚೀನಾಕ್ಕೆ ಸಾಗಿಸುವುದು, ಇದು ಆಗಿನ ವ್ಯಾಪಾರ. 1839ರಲ್ಲಿ ಲಿನ್ ಜೆಶು ಎಂಬ ಚೀನೀ ಅಧಿಕಾರಿ ಇಪ್ಪತ್ತು ಸಾವಿರಕ್ಕೂ ಮಿಕ್ಕ ಪೆಟ್ಟಿಗೆಗಳಷ್ಟು ಅಫೀಮನ್ನು ನಾಶಪಡಿಸಿದ. ಅದಕ್ಕೆ ಉತ್ತರವೇ ಈ ದಂಡಯಾತ್ರೆ. ಪ್ರತೀಕಾರದೇವತೆ ಯಾವ ಪಕ್ಷದಲ್ಲಿರಬೇಕಾಗಿತ್ತೆಂಬುದನ್ನು ವಾಚಕರೇ ನಿರ್ಣಯಿಸಬಹುದು.

1841ರ ಜನವರಿ 7ರಂದು ಕ್ಯಾಂಟನ್ ನದಿಯ ಮುಖದಲ್ಲಿ ಕಾಳಗವಾಯಿತು. ಚೀನೀ ಯುದ್ಧನೌಕೆಗಳು ತೆಳ್ಳನೆಯ ನೀರಿನಲ್ಲಿ ಲಂಗರು ಹಾಕಿ ನಿಂತಿದ್ದುವು. ದೊಡ್ಡ ಹಡಗುಗಳು ಅಲ್ಲಿಗೆ ಬರಲಾರವೆಂಬ ಎಣಿಕೆ ಸರಿಯಾದದ್ದೇ ಆಗಿತ್ತು. ನೆಮೆಸಿಸ್ ಬಂದಿತು. ಅದರಿಂದ ಹಾರಿದ ಒಂದು ಬೆಂಕಿಬಾಣ ದೊಡ್ಡ ನೌಕೆಯೊಂದಕ್ಕೆ ತಗುಲಿ, ಮದ್ದು ಸಿಡಿದು, ನೌಕೆ ಜನಸಮೇತವಾಗಿ ಚೂರುಚೂರಾಯಿತು. ಈ ಬಾಣದ ವಂಶಾವಳಿ ನಮಗೆ ಹತ್ತಿರದ್ದು. ಹೈದರನ, ಟಿಪ್ಪುವಿನ ಸೈನ್ಯದ ಬೆಂಕಿಬಾಣಗಳಿಂದ ಪೆಟ್ಟು ತಿಂದ ಆಂಗ್ಲರು 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಅವುಗಳ ಮಾದರಿಗಳನ್ನು ಇಂಗ್ಲೆಂಡಿಗೆ ಒಯ್ದರು; ಅವುಗಳನ್ನು ಅನುಸರಿಸಿ ವಿಲಿಯಂ ಕಾಂಗ್ರೀವ್ ತಯಾರಿಸಿದ ಬಾಣಗಳೇ ಇವು. ಕಾವೇರಿಯ ದಡದ ವಿದ್ಯೆ ಚೀನಾದ ನದೀಮುಖದಲ್ಲಿ ಹೀಗೆ ಕಾಣಿಸಿಕೊಂಡಿತು.

ಆ ಮಾರ್ಚಿಯಲ್ಲಿ ನೆಮೆಸಿಸ್ ಮಕಾವಿನಿಂದ ಹೊರಟು, ಯಾವ ವಿದೇಶೀ ಯುದ್ಧನೌಕೆಯೂ ಕಾಣದ ಒಳಗಾಲುವೆಗಳಲ್ಲಿ ನುಗ್ಗಿ, ಅಲ್ಲಲ್ಲಿ ತಳದ ಕೆಸರನ್ನು ಸವರುತ್ತ, ದಾರಿಯ ಠಾಣ್ಯಗಳನ್ನು ಒಡೆಯುತ್ತ, ಮೂರು ದಿನಗಳಲ್ಲಿ ಕ್ಯಾಂಟನ್ನಿನ ಸಮೀಪ ಹೊರಬಂದಿತು. ಮರುವರ್ಷ ಉಗಿಹಡಗುಗಳು ಹಾಯಿಯ ಯುದ್ಧನೌಕೆಗಳನ್ನು ಹಗ್ಗ ಕಟ್ಟಿ ಯಾಂಗ್‌ಟ್ಸಿ ನದಿಯಲ್ಲಿ ಎಳೆದುಕೊಂಡು ಹೋದುವು. ಜೆನ್‌ಜಿಯಾಂಗ್ ಎಂಬಲ್ಲಿ ಆ ನದಿಯನ್ನು ಮಹಾಕಾಲುವೆ ಸಂಧಿಸುತ್ತದೆ. ದಕ್ಷಿಣದ ಅಕ್ಕಿ ಬೀಜಿಂಗ್ ತಲುಪುತ್ತಿದ್ದುದು ಆ ಕಾಲುವೆಯಿಂದ. 1842ರ ಜುಲೈಯಲ್ಲಿ ಜೆನ್‌ಜಿಯಾಂಗ್ ಬಿದ್ದಿತು. ಚಕ್ರವರ್ತಿಯ ಅನ್ನದ ದಾರಿಯೇ ಶತ್ರುವಿನ ಕೈಸೇರಿತು. ಆಗಸ್ಟ್ 29ರಂದು ನಾನ್‌ಜಿಂಗ್ ಒಪ್ಪಂದಕ್ಕೆ ರುಜು ಬಿತ್ತು: ಹಾಂಗ್‌ಕಾಂಗ್ ದ್ವೀಪ, ಐದು ಬಂದರುಗಳು, 2 ಕೋಟಿ 10 ಲಕ್ಷ ಬೆಳ್ಳಿಯ ಡಾಲರು. ರುಜು ನಡೆದದ್ದು ಮುಂಬಯಿಯಲ್ಲಿ ಕಟ್ಟಿದ್ದ ‘ಕಾರ್ನ್‌ವಾಲಿಸ್’ ಎಂಬ ಮಹಾನೌಕೆಯಲ್ಲಿ. ಚಿತ್ರಪಟದಲ್ಲಿ ಕಾಣುವ ಭಾಗ್ಯ ಅದರದು. ದುಡಿದ ಉಗಿಹಡಗುಗಳು ಚಿತ್ರದ ಹೊರಗೇ ಉಳಿದುವು.

ಆಮೇಲೆ ಇಂಥ ಹಡಗುಗಳು ಮಳೆಗಾಲದ ಅಣಬೆಗಳಂತೆ ಎದ್ದುವು. ರಷ್ಯದೊಡನೆ ನಡೆದ ಕ್ರಿಮಿಯಾ ಯುದ್ಧಕ್ಕಾಗಿ 1854ರಿಂದ ಎರಡು ಮೂರು ವರ್ಷಗಳಲ್ಲಿ ಬ್ರಿಟನ್ 150ಕ್ಕೂ ಹೆಚ್ಚು ಗನ್‌ಬೋಟುಗಳನ್ನು ಕಟ್ಟಿಸಿತು. ಅವಸರದಲ್ಲಿ ಹಸಿಮರ ಬಳಸಿದ್ದರಿಂದ ಎಷ್ಟೋ ಹಡಗುಗಳು ಬೇಗನೆ ಕೊಳೆತುಹೋದುವು. ಉಳಿದವು ಪೂರ್ವಕ್ಕೆ ಬಂದುವು. ಅವು ಅಜೇಯವಾಗಿದ್ದುವೆಂದು ಭಾವಿಸಬಾರದು. 1859ರ ಜೂನ್ 25ರಂದು ಉತ್ತರ ಚೀನಾದ ದಾಗು ಕೋಟೆಗಳ ಮುಂದೆ ಅಡ್ಮಿರಲ್ ಹೋಪ್‌ನ ಗನ್‌ಬೋಟುಗಳನ್ನು ಚೀನೀ ತೋಪುಗಳು ಹಣ್ಣುಗಾಯಿ ಮಾಡಿದುವು. ಸತ್ತವರು, ಗಾಯಗೊಂಡವರು 400ಕ್ಕೂ ಹೆಚ್ಚು. ತಕ್ಕ ಸಿದ್ಧತೆಯಿಂದ ಎದುರಿಸಿದವರ ಮುಂದೆ ಅದು ಬರಿಯ ಮರದ ಪೆಟ್ಟಿಗೆ. ಅದರ ಬಲವೆಲ್ಲ ಗದರಿಕೆಯಲ್ಲಿತ್ತು: ಇದನ್ನು ಮುಳುಗಿಸಿದರೆ ಹಿಂದೆ ಇನ್ನೂ ಐವತ್ತು ಬರುತ್ತವೆ ಎಂಬ ಅರಿವಿನಲ್ಲಿ.

ಗದರಿಸುವ ಅಧಿಕಾರ ದೂರದ ಲಂಡನ್ನಿನಲ್ಲಿಯೇ ಉಳಿಯಲೂ ಇಲ್ಲ. 1868ರಲ್ಲಿ ಯಾಂಗ್‌ಜೋವಿನಲ್ಲಿ ಮಿಷನರಿಗಳ ಮನೆಯ ಮೇಲೆ ಜನ ನುಗ್ಗಿದಾಗ, ಷಾಂಘೈಯಲ್ಲಿದ್ದ ಕಾನ್ಸಲ್ ಮೆಡ್‌ಹರ್ಸ್ಟ್ ಯುದ್ಧನೌಕೆಗಳೊಡನೆ ನಾನ್‌ಜಿಂಗಿಗೆ ನಡೆದು ಪರಿಹಾರ ಕೇಳಿದ. ವಿದೇಶಾಂಗ ಸಚಿವ ಕ್ಲಾರೆಂಡನ್ ಇದನ್ನು ಒಪ್ಪಲಿಲ್ಲ; ಆದರೆ ಆತನ ಅಸಮ್ಮತಿ ತಲುಪುವ ಹೊತ್ತಿಗೆ ಕೆಲಸ ಮುಗಿದಿತ್ತು.

ಮತ್ತೆ ಐರಾವತಿಗೆ ಬರೋಣ. 1885ರಲ್ಲಿ ಬರ್ಮಾದ ಥೀಬಾ ದೊರೆ ತೇಗದ ಮರದ ವ್ಯಾಪಾರದ ಬಾಂಬೆ ಬರ್ಮಾ ಕಂಪನಿಗೆ ಭಾರಿ ದಂಡ ವಿಧಿಸಿದ್ದೇ ನೆಪವಾಯಿತು. ಆ ನದಿಯಲ್ಲಿ ದಿನವೂ ಪ್ರಯಾಣಿಕರನ್ನೂ ಸರಕನ್ನೂ ಸಾಗಿಸುತ್ತಿದ್ದ ಉಗಿಹಡಗುಗಳೇ ಈಗ ಸೈನ್ಯವನ್ನು ಹೊತ್ತುವು. ತೋಪು ಹೊತ್ತ ದೋಣಿಗಳು ಬೆಂಗಾವಲಾದುವು. ನವೆಂಬರ್ 14ರಂದು ಆರಂಭವಾದ ಯಾತ್ರೆ 28ರಂದು ಮಂಡಾಲೆಯಲ್ಲಿತ್ತು. ಹದಿನೈದು ದಿನಗಳಲ್ಲಿ ಒಂದು ರಾಜ್ಯ! ಇಪ್ಪತ್ತಾರು ವರ್ಷದ ದೊರೆಯನ್ನೂ ರಾಣಿಯನ್ನೂ ನದೀತೀರಕ್ಕೆ ಕರೆತಂದು ‘ಥೂರಿಯಾ’ ಎಂಬ ಹಡಗಿಗೆ ಹತ್ತಿಸಿದರು. ಥೂರಿಯಾ ಎಂದರೆ ನಮ್ಮ ‘ಸೂರ್ಯ’ ಶಬ್ದವೇ, ಬರ್ಮೀಯರ ನಾಲಗೆಯಲ್ಲಿ. ಕೊಂಕಣ ತೀರದ ರತ್ನಾಗಿರಿಯಲ್ಲಿ ಮೂವತ್ತು ವರ್ಷ ಸೆರೆಯಿದ್ದು ಆತ 1916ರಲ್ಲಿ ಅಲ್ಲಿಯೇ ತೀರಿಕೊಂಡ. ಅದಕ್ಕೂ ಮುಂಚೆ, 1862ರಲ್ಲಿ, ದಿಲ್ಲಿಯ ಕೊನೆಯ ಮೊಗಲ್ ಬಾದಷಹ ರಂಗೂನಿನ ಸೆರೆಯಲ್ಲಿ ಕಣ್ಣುಮುಚ್ಚಿದ್ದ. ಇಬ್ಬರು ದೊರೆಗಳು ಒಬ್ಬರ ನಾಡಿನ ಮಣ್ಣಿಗೆ ಇನ್ನೊಬ್ಬರು ಸೇರಿದರು.

1904ರಲ್ಲಿ ನೌಕಾಪಡೆಯ ಆಡಳಿತ ವಹಿಸಿಕೊಂಡ ಅಡ್ಮಿರಲ್ ಫಿಷರ್, ಕಾದಲೂ ಓಡಲೂ ಬಾರದ ಹಡಗುಗಳೆಂದು ಇವುಗಳಲ್ಲಿ ಬಹಳಷ್ಟನ್ನು ಗುಜರಿಗೆ ಹಾಕಿಸಿದ. ಆದರೂ ಯಾಂಗ್‌ಟ್ಸಿಯಲ್ಲಿ ಬ್ರಿಟಿಷ್ ಯುದ್ಧನೌಕೆಗಳ ಸಂಚಾರ ನಿಲ್ಲಲಿಲ್ಲ. 1949ರ ಏಪ್ರಿಲ್ 20ರಂದು ‘ಅಮೆಥಿಸ್ಟ್’ ಎಂಬ ಬ್ರಿಟಿಷ್ ನೌಕೆ ನಾನ್‌ಜಿಂಗಿಗೆ ಹೋಗುತ್ತಿದ್ದಾಗ ದಡದಿಂದ ಕಮ್ಯೂನಿಸ್ಟರ ಗುಂಡುಗಳು ಬಂದುವು. ಅದು ನೆಲ ಹಿಡಿಯಿತು. ಬಿಡಿಸಲು ಬಂದ ನೌಕೆಗಳೂ ಪೆಟ್ಟು ತಿಂದು ಹಿಂದಿರುಗಿದುವು. ಮೂರು ತಿಂಗಳು ಜೆನ್‌ಜಿಯಾಂಗಿನ ಬಳಿ ಸಿಕ್ಕಿಬಿದ್ದಿದ್ದು, ಜುಲೈ 30ರ ಕತ್ತಲಲ್ಲಿ ದೀಪವಾರಿಸಿಕೊಂಡು ಅದು ಸಮುದ್ರದ ಕಡೆಗೆ ಓಡಿತು.